ಆಶ್ವೀಜದ ಪದ್ಯವನ್ನು ಆಶ್ವೀಜದಲ್ಲೇ ಓದಿಸೋಣ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆ, ಕರ್ನಾಟಕ ಪಠ್ಯಪುಸ್ತಕ ಸಂಘ ಮತ್ತು ರಾಜ್ಯ ಶಿಕ್ಷಣ ಸಂಶೋಧನೆ ಹಾಗೂ ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಹಿರಿಯರಿಗೆ,

ನಮಸ್ಕಾರ.

ನಾನು ರಾಗಿ ಬೆಳೆಯುವ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ನಿಮ್ಮಲ್ಲಿ ಕೇಳಬೇಕಾಗಿರುವುದು ಒಂದೇ ಸಂಗತಿ. ಮಳೆಯ ಪದ್ಯವನ್ನು ಮಳೆಗಾಲದಲ್ಲಿ, ಸುಗ್ಗಿಯ ಪದ್ಯವನ್ನು ಸುಗ್ಗಿಯಲ್ಲಿ ಓದಿಸಲು ನಮಗೆ ಬಿಡಿ. ಪಠ್ಯದಲ್ಲಿ ಇಲ್ಲದ, ಆದರೆ ಊರಲ್ಲಿ ಇನ್ನೂ ಉಳಿದಿರುವ ಹಾಡುಗಳಿಗೆ ತರಗತಿಯಲ್ಲಿ ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಡಿ. ಇದು ಯಾಕೆ ಬೇಕು ಅನ್ನುವುದನ್ನು ಒಂದು ಪದ್ಯದಿಂದಲೇ ಹೇಳುತ್ತೇನೆ.

ಕುವೆಂಪು ಅವರ ‘ಹಸುರು’ ಪದ್ಯ ನಿಮಗೆಲ್ಲ ಗೊತ್ತು. ‘ಪಕ್ಷಿಕಾಶಿ’ ಸಂಕಲನದ್ದು. ಹತ್ತನೇ ತರಗತಿಯ ಮಕ್ಕಳು ವರ್ಷಗಳಿಂದ ಓದುತ್ತಾ ಬಂದಿರುವ ಪದ್ಯ. ಅದು ನವರಾತ್ರಿಯ ಹೊತ್ತಿನ ಮಲೆನಾಡನ್ನು ನೋಡಿ ಹುಟ್ಟಿದ್ದು. ಆಶ್ವೀಜದ ಬತ್ತದ ಗದ್ದೆ, ಗಿಳಿಯ ಎದೆಯ ಬಣ್ಣ, ಅದರ ಅಂಚಿಗೆ ಗೊನೆ ಬಿಟ್ಟ ಅಡಿಕೆ ತೋಟ. ಆಕಾಶ, ಮುಗಿಲು, ಕಣಿವೆ, ಕೊನೆಗೆ ಸಂಜೆಯ ಬಿಸಿಲು ಕೂಡ ಕವಿಗೆ ಹಸುರಾಗಿಯೇ ಕಾಣುತ್ತದೆ. ಈ ಪದ್ಯವನ್ನು ಸೆಪ್ಟೆಂಬರ್ ಕೊನೆಯಲ್ಲಿ, ದಸರಾ ರಜೆಗೆ ಮುಂಚಿನ ವಾರದಲ್ಲಿ ಓದಿದರೆ ಅರ್ಧ ಪಾಠವನ್ನು ಕಿಟಕಿಯೇ ಮಾಡಿಬಿಡುತ್ತದೆ. ನಮ್ಮಂಥ ಬಯಲುಸೀಮೆಯಲ್ಲೂ ಆಗ ರಾಗಿ ಹೊಲ ಹಸುರಾಗಿಯೇ ಇರುತ್ತದೆ. ಅದೇ ಪದ್ಯದ ಸರದಿ ಡಿಸೆಂಬರಿನಲ್ಲಿ ಬಂದರೆ? ಗದ್ದೆ ಕೊಯ್ಲಾಗಿ ಕೂಳೆ ಉಳಿದಿರುತ್ತದೆ. ಆಗ ನಾವು ಶಾಲಿವನ ಅಂದರೆ ಬತ್ತದ ಗದ್ದೆ ಅಂತ ಬೋರ್ಡಿನ ಮೇಲೆ ಬರೆಯುತ್ತೇವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪದ್ಯ ಅಲ್ಲಿಗೆ ಮುಗಿಯುತ್ತದೆ.

ಕವಿ ಕಂಡದ್ದು ಮಗುವಿಗೂ ಕಾಣುವ ದಿನದಲ್ಲಿ ಪದ್ಯ ಓದಿಸಬೇಕು. ನನ್ನ ವಾದ ಇಷ್ಟೇ.

ಇದು ಹೊಸ ಬೇಡಿಕೆಯೂ ಅಲ್ಲ. ಹಳೇ ಮೈಸೂರು ಸೀಮೆಯ ಕೂಲಿಮಠಗಳಲ್ಲಿ, ಅಂದರೆ ಹಿಂದಿನ ಕಾಲದ ಊರ ಶಾಲೆಗಳಲ್ಲಿ, ಮಹಾನವಮಿ ಬಂತೆಂದರೆ ಅಯ್ಯನವರು (ಮೇಷ್ಟ್ರು) ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಹಬ್ಬಕ್ಕೆ ಅಂತಲೇ ಕಲಿತ ಚೌಪದ ಎಂಬ ಪದ್ಯಗಳನ್ನು ಹಾಡುತ್ತಿದ್ದರು. ಮನೆಯವರು ಅಯ್ಯನವರ ಕೈಗೆ ಕಾಸನ್ನೋ ದವಸವನ್ನೋ ಹಾಕುತ್ತಿದ್ದರು. ಅಂದರೆ ವರ್ಷದ ಒಂದು ಕಾಲಕ್ಕೆ ಅಂತಲೇ ಕಲಿಸುವ ಪದ್ಯ ನಮ್ಮ ಶಾಲೆಗಳಲ್ಲಿ ಮೊದಲೇ ಇತ್ತು. ಕೂಲಿಮಠದ ದೊಣ್ಣೆ ಯಾರಿಗೂ ಬೇಡ. ಆ ಹಾಡು ಮಾತ್ರ ಬೇಕಿತ್ತು ಅನಿಸುತ್ತದೆ.

ಇಲಾಖೆಯವರೇ ಆಗಿದ್ದ ಒಬ್ಬರನ್ನೂ ಇಲ್ಲಿ ನೆನೆಯಬೇಕು. ಪಂಜೆ ಮಂಗೇಶರಾಯರು ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವರು, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಶಾಲೆ ತಪಾಸಣೆ ಮಾಡುವ ಕೆಲಸದಲ್ಲಿದ್ದ ಮನುಷ್ಯ ಮಕ್ಕಳ ಬಾಯಿಗೆ ಹಾಡು ಕೊಟ್ಟರು. ಅವರ ‘ತೆಂಕಣ ಗಾಳಿಯಾಟ’ ಕರಾವಳಿಯ ಗಾಳಿಯ ಪದ್ಯ. ‘ಬರುತಿದೆ! ಅಹಾ! ದೂರದಿ ಬರುತಿದೆ’ ಅಂತ ಶುರುವಾಗಿ, ಬುಸುಗುಟ್ಟುವ ಪಾತಾಳದ ಹಾವೋ ಅಂತ ಕೇಳುತ್ತಾ ಹೋಗುತ್ತದೆ. ಜೂನ್ ತಿಂಗಳಲ್ಲಿ ಉಡುಪಿ, ಮಂಗಳೂರಿನ ಕಡೆಯ ಯಾವುದಾದರೂ ಶಾಲೆಯಲ್ಲಿ, ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ ಇದನ್ನು ಗಟ್ಟಿಯಾಗಿ ಓದಿಸಿ ನೋಡಿ. ಮಳೆಯ ಸದ್ದಿಗೆ ಪಾಠ ನಿಲ್ಲಿಸಬೇಕಾದ ದಿನವೇ ಆ ಪದ್ಯಕ್ಕೆ ಸರಿಯಾದ ದಿನ. ಪದ್ಯ ಮಳೆಗಿಂತ ಜೋರಾಗಿ ಕೇಳಬೇಕು ಅಂತ ಮಕ್ಕಳೇ ಹಟ ಹಿಡಿಯುತ್ತಾರೆ.

ಆದರೆ ಅದೇ ಜೂನ್ ತಿಂಗಳಲ್ಲಿ ಚಳ್ಳಕೆರೆಯ ಮಗುವಿಗೆ ಆ ಗಾಳಿ ಎಲ್ಲಿಂದ ತರೋಣ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಚಳ್ಳಕೆರೆಯಲ್ಲಿ 500 ದಾಟದ ವರ್ಷಗಳು ಸಾಮಾನ್ಯ. ನಮ್ಮ ಕಡೆ ಕೆರೆಗೆ ನೀರು ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ. ಹೀಗಿರುವಾಗ ಇಡೀ ರಾಜ್ಯಕ್ಕೆ ಒಂದೇ ಮಾಹೆವಾರು ಪಾಠ ಹಂಚಿಕೆ ಮಾಡಿ, ಇಂಥ ತಿಂಗಳಲ್ಲಿ ಇಂಥ ಪದ್ಯ ಅಂದರೆ ಅದು ಯಾವುದೋ ಒಂದು ಜಿಲ್ಲೆಗೆ ಹೊಂದುತ್ತದೆ, ಉಳಿದವರಿಗೆ ಸುಮ್ನೆ ಪಾಠವಾಗುತ್ತದೆ. ಹಾಗಾಗಿ ನೀವೇ ಕೂತು ಋತುವಿಗೆ ತಕ್ಕ ಇನ್ನೊಂದು ಪಟ್ಟಿ ಮಾಡಿ ಕಳಿಸಿ ಅಂತ ನಾನು ಕೇಳುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಪದ್ಯಗಳನ್ನು ಹಿಂದೆ ಮುಂದೆ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಆಯಾ ಶಾಲೆಗೆ ಬಿಡಿ. ನಮ್ಮೂರಲ್ಲಿ ಯಾವಾಗ ಮಳೆ ಅಂತ ನಮಗೆ ಗೊತ್ತು.

ಧಾರವಾಡದ ಕಡೆಯ ಮೇಷ್ಟ್ರಿಗೆ ಶ್ರಾವಣ ಬಂದಾಗ ಬೇಂದ್ರೆಯವರ ‘ಶ್ರಾವಣ’ ಬೇಕೇ ಬೇಕು. ಗುಡ್ಡಗಳೆಲ್ಲ ಸ್ಥಾವರಲಿಂಗಗಳಾಗಿ ನಿಂತಿವೆ, ಮೋಡಗಳು ಕೂಡಿ ಅವಕ್ಕೆ ಅಭ್ಯಂಗ ಮಾಡಿಸುತ್ತಿವೆ ಅನ್ನುವ ಚಿತ್ರ ಅದರಲ್ಲಿದೆ. ಬನಗಳು ಬಾಸಿಂಗ ಕಟ್ಟಿಕೊಂಡ ಮದುಮಗನ ಹಾಗೆ ನಿಂತಿವೆ ಅಂತಲೂ ಬರುತ್ತದೆ. ಅಲ್ಲಿಯ ಮಗುವಿಗೆ ಇದು ತನ್ನದೇ ಮಾತಿನಲ್ಲಿರುವ ಪದ್ಯ. ಮನೆಯಲ್ಲಿ ಆಡುವ ಮಾತು ಪುಸ್ತಕದಲ್ಲೂ ಇದೆ ಅಂತ ಗೊತ್ತಾದಾಗ ಮಗುವಿನ ಮುಖ ನೋಡಬೇಕು. ಮಡಿಕೇರಿಯವರಿಗೆ ರಾಜರತ್ನಂ ಅವರ ‘ಮಡಿಕೇರೀಲಿ ಮಂಜು’ ಇದೆ. ಬನವಾಸಿಯವರಿಗಂತೂ ಪಂಪನೇ ಇದ್ದಾನೆ. ಹತ್ತನೇ ಶತಮಾನದಲ್ಲಿ ತೆಂಕಣ ಗಾಳಿ ಸೋಂಕಿದರೆ ಸಾಕು ಬನವಾಸಿ ನೆನಪಾಗುತ್ತದೆ ಅಂತ ಬರೆದವನು ಅವನು. ಅಲ್ಲಿಯ ಹೈಸ್ಕೂಲಿನ ಮಕ್ಕಳು ಮಾವು ಹೂ ಬಿಟ್ಟಾಗ ಮರದ ಕೆಳಗೆ ಕೂತು ಅದನ್ನು ಓದಿದರೆ ಹಳಗನ್ನಡದ ಹೆದರಿಕೆ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಪುಸ್ತಕದ ಹೊರಗಿನ ಪದ್ಯಗಳ ಮಾತು. ನನಗೆ ಹೆಚ್ಚು ಆಸೆ ಇರುವುದು ಇಲ್ಲಿಯೇ.

ನಮ್ಮ ರೈತರು ಮಳೆಗೆ ನಕ್ಷತ್ರದ ಹೆಸರಿಟ್ಟಿದ್ದಾರೆ. ಒಂದೊಂದು ಮಳೆ ಹದಿಮೂರು, ಹದಿನಾಲ್ಕು ದಿನ. ಶಾಲೆ ಶುರುವಾಗುವಾಗ ರೋಹಿಣಿ ನಡೆಯುತ್ತಿರುತ್ತದೆ. ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರಾ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತ, ಸ್ವಾತಿ. ಮೊದಲ ಸೆಮಿಸ್ಟರ್ ಪೂರ್ತಿ ಈ ಹೆಸರುಗಳ ಮೇಲೆಯೇ ನಡೆಯುತ್ತದೆ. ಒಂದೊಂದು ಮಳೆಗೂ ಒಂದೊಂದು ಗಾದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ.’ ‘ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ.’ ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು.’ ಆರಿದ್ರಾ ಆರದೆ ಹುಯ್ಯುತ್ತದೆ, ಹುಬ್ಬೆ ಉಬ್ಬಿ ಉಬ್ಬಿ ಹೊಡೆಯುತ್ತದೆ.

ನಾನು ತರಗತಿಯ ಗೋಡೆಗೆ ಒಂದು ಕಾಗದ ಅಂಟಿಸುತ್ತೇನೆ. ಮಳೆ ಬದಲಾದಾಗ ಹೊಸ ಮಳೆಯ ಹೆಸರು ಬರೆಯುವುದು ಮಕ್ಕಳ ಕೆಲಸ. ಅದರ ಗಾದೆಯನ್ನು ಮನೆಯಲ್ಲಿ ಕೇಳಿಕೊಂಡು ಬರಬೇಕು. ಒಬ್ಬರ ಮನೆಯ ಗಾದೆ ಇನ್ನೊಬ್ಬರ ಮನೆಯದಕ್ಕೆ ಹೊಂದುವುದಿಲ್ಲ. ಅಲ್ಲಿಂದ ಜಗಳ, ಚರ್ಚೆ. ನಮ್ಮಜ್ಜಿ ಹೇಳಿದ್ದೇ ಸರಿ ಅಂತ ಒಬ್ಬಳು, ಇಲ್ಲ ನಮ್ಮ ತಾತ ಹೇಳಿದ್ದು ಅಂತ ಇನ್ನೊಬ್ಬ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಕೂಡ ಇದಕ್ಕೆ ಬಾಯಿ ಬಿಡುತ್ತಾರೆ. ಯಾಕೆಂದರೆ ಇಲ್ಲಿ ಗೊತ್ತಿರುವವರು ಅವರು, ಕೇಳಿ ತಿಳಿಯಬೇಕಾದವನು ನಾನು.

ಇದರಿಂದ ವ್ಯಾಕರಣಕ್ಕೂ ಲಾಭ ಇದೆ. ಭರಣಿ, ಧರಣಿ ಎರಡನ್ನೂ ಒಂದರ ಕೆಳಗೊಂದು ಬರೆದು ಎರಡನೇ ಅಕ್ಷರ ನೋಡಿ ಅಂದರೆ ಆದಿಪ್ರಾಸ ಅರ್ಥವಾಯಿತು. ರೋಹಿಣಿ, ಓಣಿ ಬರೆದರೆ ಅಂತ್ಯಪ್ರಾಸ. ಛಂದಸ್ಸಿನ ಪಾಠದಲ್ಲಿ ಸೂತ್ರ ಉರು ಹೊಡೆದು ಬಂದದ್ದಕ್ಕಿಂತ ಇದು ಗಟ್ಟಿಯಾಗಿ ನಿಲ್ಲುತ್ತದೆ. ಪ್ರಾಸ ಅನ್ನುವುದು ಕವಿಗಳು ಕಷ್ಟಪಟ್ಟು ಮಾಡುವ ಅಲಂಕಾರ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ನೇಗಿಲು ಹಿಡಿದವರು ಮಳೆಯನ್ನು ನೆನಪಿಟ್ಟುಕೊಳ್ಳಲು ಅದನ್ನೇ ಬಳಸಿದರು ಅಂತ ತಿಳಿದಾಗ ಪ್ರಾಸದ ಮೇಲೆ ಬೇರೆಯದೇ ಗೌರವ ಬರುತ್ತದೆ.

ಉತ್ತರ ಕರ್ನಾಟಕದಲ್ಲಿ ಗಣೇಶ ಹೋದ ಮೇಲೆ ಮಳೆ ತರುವ ಜನಪದ ದೇವರು ಜೋಕುಮಾರ ಬರುತ್ತಾನೆ. ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹೆಣ್ಣುಮಕ್ಕಳು ಹಾಡುತ್ತಾ ಬರುತ್ತಾರೆ: ಅಡ್ಡಡ್ಡ ಮಳೆ ಬಂದು ದೊಡ್ಡ ದೊಡ್ಡ ಕೆರೆ ತುಂಬಿ ಗೊಡ್ಡುಗಳೆಲ್ಲ ಹೈನಾಗಿ. ಈ ಮೂರು ತುಣುಕು ಸಾಲಿನಲ್ಲಿ ಒಂದು ಊರಿಗೆ ಬೇಕಾದದ್ದೆಲ್ಲ ಇದೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ಹಾಡುತ್ತಾ ಮನೆಮನೆಗೆ ದೀಪ ತರುತ್ತಾರೆ. ತುಳುನಾಡಿನ ಗದ್ದೆಯಲ್ಲಿ ನೇಜಿ (ಬತ್ತದ ಸಸಿ) ನೆಡುವಾಗ ಓಬೇಲೆ ಹಾಡು ಕೇಳಿಸುತ್ತಿತ್ತು. ಕೊಡಗಿನಲ್ಲಿ ಸುಗ್ಗಿಯ ಹಬ್ಬ ಹುತ್ತರಿಯ ಹಾಡುಗಳಿವೆ. ತಾಂಡಾಗಳಲ್ಲಿ ಲಂಬಾಣಿ ಹಾಡುಗಳಿವೆ. ತುಳು, ಕೊಡವ, ಲಂಬಾಣಿ, ಉರ್ದು ಆಡುವ ಮನೆಯ ಮಗು ತನ್ನ ಮಾತಿನ ಹಾಡನ್ನು ಕನ್ನಡ ತರಗತಿಯಲ್ಲಿ ಹಾಡಿ, ಅದರ ಅರ್ಥವನ್ನು ಕನ್ನಡದಲ್ಲಿ ಗೆಳೆಯರಿಗೆ ಹೇಳಲಿ. ಕನ್ನಡಕ್ಕೆ ಇದರಿಂದ ಬರುವುದೇ ಹೊರತು ಹೋಗುವುದು ಏನೂ ಇಲ್ಲ.

ಇದನ್ನು ಬೇಗ ಮಾಡಿ ಅಂತ ಒತ್ತಾಯಿಸಲು ಕಾರಣ ಇದೆ. ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದ ತಾಯಿ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಬಂದದ್ದರಿಂದ ಅವರ ಹೆಸರು ನಮಗೆ ಗೊತ್ತು. ಹೆಸರು ಗೊತ್ತಿಲ್ಲದ ಎಷ್ಟೋ ಜನ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಾಟಿಗೆ ಟ್ರಾಕ್ಟರು, ಮಿಷನ್ನು ಬಂದ ಮೇಲೆ ನಾಟಿ ಹಾಡಿಗೆ ಗದ್ದೆಯಲ್ಲಿ ಕೆಲಸ ಉಳಿದಿಲ್ಲ. ಬೀಸುವ ಕಲ್ಲು ಹೋದ ಮೇಲೆ ಬೀಸುವ ಪದಕ್ಕೂ ಇಲ್ಲ. ಶಾಲೆ ಬಿಟ್ಟರೆ ಅವಕ್ಕೆ ಬೇರೆ ಮನೆ ಯಾವುದಿದೆ ಹೇಳಿ?

ಋತುವಿನ ಜೊತೆಗೆ ಒಂದು ವಿಷಯ ಹಿಡಿದು ಓದಿಸುವುದಕ್ಕೂ ಅವಕಾಶ ಬೇಕು. ನಾನು ರಾಗಿಯ ಉದಾಹರಣೆ ಕೊಡುತ್ತೇನೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ನಮ್ಮಲ್ಲಿ ರಾಗಿ ಕೊಯ್ಲು. 2024ರಿಂದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೂಡ ಸಿಗುತ್ತಿದೆ. ಆ ಲೋಟ ಕೈಯಲ್ಲಿರುವ ವಾರದಲ್ಲಿ ಕನಕದಾಸರ ‘ರಾಮಧಾನ್ಯ ಚರಿತೆ’ಯ ಕೆಲವು ಪದ್ಯ ಓದಿಸಬಹುದು. ಬತ್ತಕ್ಕೂ ರಾಗಿಗೂ ರಾಮನ ಮುಂದೆ ಜಗಳ. ನಾನು ದೊಡ್ಡವನು ಅಂತ ಬತ್ತ, ಬಡವರ ಹೊಟ್ಟೆ ತುಂಬಿಸುವವನು ನಾನು ಅಂತ ರಾಗಿ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಬತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕೊನೆಗೆ ರಾಮ ರಾಗಿಗೆ ತನ್ನ ಹೆಸರನ್ನೇ ಕೊಡುತ್ತಾನೆ. ಭಾಮಿನಿ ಷಟ್ಪದಿಯಲ್ಲಿರುವ ಈ ಕತೆಯನ್ನು ನನ್ನ ಮಕ್ಕಳು ನಾಟಕದ ಹಾಗೆ ಓದುತ್ತಾರೆ. ಯಾರು ಮೇಲು, ಯಾರು ಕೀಳು ಅನ್ನುವ ಪ್ರಶ್ನೆ ಅವರಿಗೆ ಹೊಸದಲ್ಲ. ಊರಿನಲ್ಲಿ, ಮನೆಯಲ್ಲಿ ಅದನ್ನು ನೋಡಿದ್ದಾರೆ. ಐದು ನೂರು ವರ್ಷದ ಹಿಂದೆ ಒಬ್ಬ ಕವಿ ಅದನ್ನು ಕಾಳಿನ ಬಾಯಲ್ಲಿ ಕೇಳಿದ್ದಾನೆ ಅಂತ ತಿಳಿದಾಗ ತರಗತಿ ಗಂಭೀರವಾಗುತ್ತದೆ.

ಅದರ ಪಕ್ಕದಲ್ಲೇ ಪುರಂದರದಾಸರ ‘ರಾಗಿ ತಂದೀರಾ’ ಇಡಬಹುದು. ಯೋಗ್ಯರಾಗಿ, ಭೋಗ್ಯರಾಗಿ ಅಂತ ಸಾಲು ಸಾಲಿಗೂ ರಾಗಿ ಅಡಗಿ ಕೂತಿರುವುದನ್ನು ಹುಡುಕುವುದು ಮಕ್ಕಳಿಗೆ ಆಟ. ಆಮೇಲೆ ಅಜ್ಜಿಯಂದಿರಿಂದ ಬೀಸುವ ಪದ. ಹರಿದಾಸರು, ಜನಪದರು, ಷಟ್ಪದಿ, ತ್ರಿಪದಿ ಎಲ್ಲ ಒಂದೇ ವಾರದಲ್ಲಿ ಒಂದೇ ಧಾನ್ಯದ ಸುತ್ತ ಬಂದು ಕೂತವು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ನೀರಿನ ಪದ್ಯಗಳನ್ನು ಹೀಗೇ ಓದಬಹುದು: ನೀರ ಕಂಡಲ್ಲಿ ಮುಳುಗುವರಯ್ಯಾ ಅನ್ನುವ ಬಸವಣ್ಣನವರ ವಚನ, ಕೆರೆಗೆ ನೀರು ಬರಲೆಂದು ಬಲಿಯಾದ ಕಿರಿಸೊಸೆ ಭಾಗೀರಥಿಯ ಜನಪದ ಕತೆ ‘ಕೆರೆಗೆ ಹಾರ’, ಬೇಂದ್ರೆಯವರ ‘ಗಂಗಾವತರಣ’. ‘ಕೆರೆಗೆ ಹಾರ’ ಓದಿದ ದಿನ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳಿಗೆ ಮೇಷ್ಟ್ರು ತಯಾರಾಗಿ ಹೋಗಬೇಕು. ಕಿರಿಸೊಸೆಯೇ ಯಾಕೆ ಅಂತ ಅವರು ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ.

ಪಟ್ಟಣದ ಶಾಲೆಗಳಲ್ಲಿ ಋತು ಎಲ್ಲಿದೆ ಅಂತ ಕೆಲವರು ಕೇಳಬಹುದು. ಇದೆ. ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ ಹೂ ಏಪ್ರಿಲಿನಲ್ಲಿ ಉದುರುತ್ತದೆ. ಚಳಿಗಾಲಕ್ಕೆ ಅವರೆಕಾಯಿ ಬರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮಕ್ಕಳು ಇದನ್ನೆಲ್ಲ ನೋಡುತ್ತಲೇ ಇದ್ದಾರೆ. ಅದರ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂತ ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ. ಬರ, ವಲಸೆ, ಪ್ರವಾಹದ ಮಾತೂ ಬರಲಿ. ಅಪ್ಪ ಅಮ್ಮ ದುಡಿಯಲು ಗುಳೆ ಹೋದ ಮಗುವಿಗೆ ಬೇಸಿಗೆ ಅಂದರೆ ಕೋಗಿಲೆ ಒಂದೇ ಅಲ್ವಲ್ಲ. ಹಬ್ಬದ ಪದ್ಯ ಓದಿಸುವಾಗ ಆ ಹಬ್ಬ ಇಲ್ಲದ ಮನೆಯ ಮಗು ತರಗತಿಯಲ್ಲಿದೆ ಅನ್ನುವುದು ನೆನಪಿರಬೇಕು. ಅದಕ್ಕೇ ನಾನು ಹಬ್ಬಕ್ಕಿಂತ ಮಳೆ, ಬೆಳೆ, ಗಾಳಿ, ಬಿಸಿಲನ್ನು ಮುಂದೆ ಇಡುತ್ತೇನೆ. ಅವು ಎಲ್ಲರ ಮನೆಯ ಮೇಲೂ ಬೀಳುತ್ತವೆ.

ಸಿಲಬಸ್ ಮುಗಿಯುವುದು ಹೇಗೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಏನಾಗುತ್ತದೆ? ಈ ಪ್ರಶ್ನೆ ನಿಮಗೆ ಬರುವ ಮೊದಲೇ ನಮಗೆ ಬಂದಿರುತ್ತದೆ. ನಾನು ಕೇಳುತ್ತಿರುವುದು ವಾರಕ್ಕೆ ಹತ್ತು ಹದಿನೈದು ನಿಮಿಷ. ಒಂದು ಪದ್ಯ ಗಟ್ಟಿಯಾಗಿ ಓದಿ, ಮಕ್ಕಳೂ ಹೇಳಿ, ಮುಗಿಸುವುದು. ಅದಕ್ಕೆ ಪ್ರಶ್ನೋತ್ತರ ಬೇಡ, ಸಾರಾಂಶ ಬೇಡ, ಕವಿ ಪರಿಚಯ ಬೇಡ, ಅಂಕ ಬೇಡವೇ ಬೇಡ. ಕಂಠಪಾಠಕ್ಕೆ ನನ್ನ ವಿರೋಧ ಇಲ್ಲ. ಬಾಯಿಗೆ ಬಂದ ಪದ್ಯ ಜನ್ಮಪೂರ್ತಿ ಜೊತೆಗಿರುತ್ತದೆ. ಆದರೆ ಯಾವುದನ್ನು ಬಾಯಿಪಾಠ ಮಾಡಬೇಕು ಅಂತ ವರ್ಷಕ್ಕೆ ಒಂದು ಸಲವಾದರೂ ಮಗುವೇ ಆರಿಸಲಿ. ಪ್ರತಿಭಾ ಕಾರಂಜಿಯಲ್ಲಿ ಹಾಡುವ ನಾಲ್ಕು ಮಕ್ಕಳಿಗೆ ಮಾತ್ರ ಪದ್ಯ ಸೀಮಿತವಾಗಬಾರದು. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಹೇಗೂ ಇದೆ. ಅಲ್ಲಿಂದ ಶುರು ಮಾಡಬಹುದು. ಚಿಕ್ಕ ತರಗತಿಗಳ ಚಟುವಟಿಕೆಯ ಕಲಿಕೆಯಾದ ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಹಾಡು ಕಲಿಕೆಯ ಒಳಗೇ ಇತ್ತು. ಮೂರನೇ ತರಗತಿ ದಾಟಿದ ಕೂಡಲೇ ಹಾಡು ಯಾಕೆ ನಿಲ್ಲಬೇಕು?

ಇನ್ನೊಂದು ಬಿನ್ನಹ. ಇದನ್ನು ದಯವಿಟ್ಟು ದಿನಾಚರಣೆ ಮಾಡಬೇಡಿ. ವಿಶ್ವ ಕಾವ್ಯ ದಿನ ಮಾರ್ಚ್ 21. ಅದು ಬರುವುದೇ ಪರೀಕ್ಷೆಯ ಕಾಲದಲ್ಲಿ. ಸುತ್ತೋಲೆ ಬಂದರೆ ಬ್ಯಾನರ್, ಫೋಟೊ, ವಾಟ್ಸ್‌ಆ್ಯಪ್ ಗುಂಪಿಗೆ ವರದಿ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಪದ್ಯ ಓದಿಸಿದ್ದಕ್ಕೆ ದಾಖಲೆ ಕೇಳಬೇಡಿ. ತಪಾಸಣೆಗೆ ಬಂದವರು ಯಾವುದಾದರೂ ಮಗುವನ್ನು ಕರೆದು, ನಿನಗಿಷ್ಟದ ಒಂದು ಪದ್ಯ ಹೇಳು ಅಂದರೆ ಸಾಕು. ಅದಕ್ಕಿಂತ ದೊಡ್ಡ ದಾಖಲೆ ಇಲ್ಲ.

ಇಲಾಖೆ ಮಾಡಬೇಕಾದ ಕೆಲಸ ಒಂದಿದೆ, ಅದು ನಮ್ಮಿಂದ ಆಗದು. ಪ್ರತಿ ಜಿಲ್ಲೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತನ್ನ ಜಿಲ್ಲೆಯ ಮಳೆ ಗಾದೆ, ನಾಟಿ ಹಾಡು, ಸುಗ್ಗಿ ಹಾಡು, ಅಲ್ಲಿಯ ಕವಿಗಳ ಋತುವಿನ ಪದ್ಯ ಇಷ್ಟನ್ನು ಸೇರಿಸಿ ಒಂದು ಸಣ್ಣ ಪುಸ್ತಕ ಮಾಡಲಿ. ಹಾಡುವವರು ಇರುವಾಗಲೇ ಅವರ ದನಿಯನ್ನು ರೆಕಾರ್ಡ್ ಮಾಡಲಿ. ಹಾಡಿದವರಿಗೆ ಸಂಭಾವನೆ ಕೊಡಲಿ, ಪುಸ್ತಕದಲ್ಲಿ ಅವರ ಹೆಸರು ಹಾಕಲಿ. ನಗರದ ದೊಡ್ಡ ಕವಿಗಳಷ್ಟೇ ಗೌರವದಿಂದ ಹಾಕಲಿ. ಈಗ ಬರೆಯುತ್ತಿರುವ ಕವಿಗಳ ಪದ್ಯ ಬಳಸುವಾಗ ಅನುಮತಿ, ಗೌರವಧನ ತಪ್ಪದಿರಲಿ. ಇಲ್ಲದಿದ್ದರೆ ಪ್ರತಿ ಮೇಷ್ಟ್ರೂ ಒಬ್ಬೊಬ್ಬರೇ ಹುಡುಕುತ್ತಾ ಕೂರಬೇಕಾಗುತ್ತದೆ. ಹುಡುಕುವ ಆಸಕ್ತಿ ಇದ್ದವರ ಮಕ್ಕಳಿಗೆ ಸಿಗುತ್ತದೆ, ಉಳಿದ ಮಕ್ಕಳಿಗೆ ಸಿಗುವುದಿಲ್ಲ.

ಅದಕ್ಕೆ ಸಮಯ ಹಿಡಿಯುತ್ತದೆ ಅಂತ ಗೊತ್ತು. ಆದರೆ ಮುಂದಿನ ಜೂನಿನ ಪಾಠ ಹಂಚಿಕೆ ಕಳಿಸುವಾಗ ಒಂದು ಸಾಲು ಸೇರಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ: ‘ಪದ್ಯಗಳ ಕ್ರಮವನ್ನು ಶಿಕ್ಷಕರು ತಮ್ಮ ಊರಿನ ಋತುಮಾನಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.’ ಕಿರುಪರೀಕ್ಷೆಯ ಪಠ್ಯವೂ ಆ ಬದಲಾವಣೆಗೆ ಹೊಂದಿಕೊಳ್ಳಲಿ. ಆ ಸಾಲು ಅಚ್ಚಿನಲ್ಲಿ ಇದ್ದರೆ, ಕ್ರಮ ಯಾಕೆ ತಪ್ಪಿಸಿದಿರಿ ಅಂತ ಕೇಳುವವರಿಗೆ ತೋರಿಸಲು ನಮ್ಮ ಕೈಯಲ್ಲಿ ಒಂದು ಆಧಾರ ಇರ್ತದೆ. ನಮ್ಮ ತಾಲ್ಲೂಕಿನ ಸಂಗ್ರಹದ ಕೆಲಸಕ್ಕೆ ಕರೆದರೆ ಬೇಸಿಗೆ ರಜೆಯಲ್ಲೂ ಬರುತ್ತೇನೆ. ನನ್ನಂತೆ ಬರುವವರು ಇನ್ನೂ ಬಹಳ ಮಂದಿ ಇದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ಕನ್ನಡ ಮೇಷ್ಟ್ರು